ಮಳೆಮಾಪಕ ಯೋಜನೆ: ಜಾರ್ ಫೈಲಿನಲ್ಲಿ ಕಾಣೆಯಾದ ಸರ್ವಿಸಸ್ ಫೋಲ್ಡರ್

ಮಣಿಪಾಲದ ನಮ್ಮ ಮನೆಯ ತಾರಸಿಯಲ್ಲಿರುವ ಮಳೆಮಾಪಕದ ಲೆಕ್ಕವನ್ನು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ದಾಖಲಿಸುವ ಸ್ಕಾಲಾ ಭಾಷೆಯ ಪ್ರೋಗ್ರಾಂ ಕೊನೆಗೂ ಒಂದೇ ಜಾರ್ ಫೈಲಾಗಿ (ಪ್ರೋಗ್ರಾಂ ಮತ್ತು ಅದರ ಲೈಬ್ರರಿಗಳನ್ನು ಕಟ್ಟಿಟ್ಟ ಗಂಟಾಗಿ) ಓಡುತ್ತಿದೆ. ಗುಡುಗಿದಾಗಲೆಲ್ಲ ಕರೆಂಟು ಹೋಗುವ ಊರಿನಲ್ಲಿ, ಪೈ ಕೆಟ್ಟರೂ ಆ ಒಂದು ಫೈಲನ್ನು ಬೇರೊಂದಕ್ಕೆ ಹಾಕಿ ಕೆಲಸ ಮುಂದುವರಿಸುವಂತಿರಬೇಕು ಎಂಬ ಕಾರಣಕ್ಕೆ ಸ್ಕಾಲಾದ ಬಿಲ್ಡ್ ಸಾಧನವಾದ ಎಸ್‌ಬಿಟಿಗೆ ಜೋಡಿಸುವ, ಎಲ್ಲವನ್ನೂ ಒಂದೇ ಜಾರ್‌ಗೆ ಕಟ್ಟುವ ಎಸ್‌ಬಿಟಿ-ಅಸೆಂಬ್ಲಿ ಪ್ಲಗಿನ್ ಆರಿಸಿಕೊಂಡಿದ್ದೆ.

ಲ್ಯಾಪ್‌ಟಾಪಿನಲ್ಲಿ ‘ಎಸ್‌ಬಿಟಿ ರನ್’ ಕೊಟ್ಟರೆ ಎಲ್ಲವೂ ಸರಿಯಾಗಿತ್ತು. ಜಾರ್ ಫೈಲನ್ನು ಪೈಗೆ ಹಾಕಿದರೆ ಮಾತ್ರ, ರಾತ್ರಿಯಿಡೀ ತುಳುವಿನ ಆಟಿ ತಿಂಗಳ ಮಳೆ ಸುರಿದಿದ್ದರೂ, ಹವಾಮಾನ ಇಲಾಖೆಯ ಕ್ರಮದಂತೆ ಬೆಳಿಗ್ಗೆ 8:30ಕ್ಕೆ ತೆಗೆಯುವ ಮೊತ್ತ ಸೊನ್ನೆ ಬರುತ್ತಿತ್ತು. ಪ್ರೋಗ್ರಾಂ ತನ್ನ ಕೆಲಸ, ದೋಷಗಳನ್ನು ಬರೆದಿಡುವ ಲಾಗ್ ಪೂರ್ತಿ ಖಾಲಿ. ಲಾಗ್ ಬರೆಸುವ ಲೈಬ್ರರಿ ಎಸ್‌ಎಲ್‌ಎಫ್4ಜೆಗೆ ಪ್ರೊವೈಡರ್ (ನಿಜವಾಗಿ ಬರೆಯುವ ಭಾಗ) ಸಿಗಲಿಲ್ಲ ಎಂಬ ಒಂದು ಎಚ್ಚರಿಕೆಯ ಸಾಲು ಮಾತ್ರ ಆರಂಭದಲ್ಲಿ ಕಾಣುತ್ತಿತ್ತು. ಲಾಗ್ ಬಿಟ್ಟು ದೋಷವನ್ನು ನೇರವಾಗಿ ಪರದೆಗೆ ಮುದ್ರಿಸಿದಾಗ, ಲೆಕ್ಕ ಉಳಿಸುವ ಡೇಟಾಬೇಸ್ ಎಸ್‌ಕ್ಯೂಲೈಟ್‌ಗೆ ತಕ್ಕ ಡ್ರೈವರ್ (ಜೋಡಿಸುವ ಕೊಂಡಿ) ಇಲ್ಲ ಎಂಬ, ಜಾವಾದ ಡೇಟಾಬೇಸ್ ಸಂಪರ್ಕ ವ್ಯವಸ್ಥೆಯಾದ ಜೆಡಿಬಿಸಿಯ ದೂರು ಹೊರಬಂತು. ಡ್ರೈವರಿನ ಕ್ಲಾಸ್ ಜಾರ್ ಒಳಗೇ ಇತ್ತು.

ಖಾಲಿ ಲಾಗ್, ಸಿಗದ ಡ್ರೈವರ್ ಎರಡಕ್ಕೂ ಮೂಲ ಒಂದೇ. 2006ರಲ್ಲಿ ಜಾವಾ 6ರೊಂದಿಗೆ ಬಂದ ಜೆಡಿಬಿಸಿ 4.0, ಡ್ರೈವರಿನ ಹೆಸರನ್ನು ಜಾರ್ ಬಗೆಗಿನ ಮಾಹಿತಿ ಇಡುವ ಮೆಟಾ-ಇನ್ಫ್ ಒಳಗಿನ ಸರ್ವಿಸಸ್ ಫೋಲ್ಡರಿನಿಂದ ಓದಿಕೊಳ್ಳುತ್ತದೆ, ಎಸ್‌ಎಲ್‌ಎಫ್4ಜೆ 2.0 ಕೂಡ ತನ್ನ ಪ್ರೊವೈಡರನ್ನು ಅಲ್ಲಿಯೇ ಹುಡುಕುತ್ತದೆ. ಲೈಬ್ರರಿಗಳನ್ನು ಒಂದೇ ಜಾರ್‌ಗೆ ಸೇರಿಸುವಾಗ ಒಂದೇ ಹೆಸರಿನ ಮಾಡ್ಯೂಲ್-ಇನ್ಫೋ ಫೈಲುಗಳ ನಡುವಿನ ಜಗಳ ಬಿಡಿಸಲು ನಮ್ಮಲ್ಲಿ ಕೈಯಿಂದ ಕೈಗೆ ಓಡಾಡುವ ಒಂದು ನಿಯಮವಿದೆಯಲ್ಲ, ಮೆಟಾ-ಇನ್ಫ್ ಅಡಿಯ ಸಮಸ್ತವನ್ನೂ ‘ಡಿಸ್ಕಾರ್ಡ್’ ಮಾಡುವುದು, ಅದು ಈ ಫೋಲ್ಡರನ್ನೂ ಗುಡಿಸಿಹಾಕುತ್ತದೆ. ‘ಜಾರ್ ಟಿಎಫ್’ ಕೊಟ್ಟು ಪಟ್ಟಿಯಲ್ಲಿ ಸರ್ವಿಸಸ್ ಹುಡುಕಿದರೆ ಒಂದು ಸಾಲೂ ಬರಲಿಲ್ಲ. ಎಸ್‌ಬಿಟಿ ರನ್‌ನಲ್ಲಿ ಪ್ರತಿಯೊಂದು ಲೈಬ್ರರಿಯೂ ತನ್ನದೇ ಜಾರ್‌ನಲ್ಲಿ ಉಳಿಯುವುದರಿಂದ ಲ್ಯಾಪ್‌ಟಾಪಿನಲ್ಲಿ ತೊಂದರೆ ಕಾಣಿಸಲೇ ಇಲ್ಲ.

ಕೋಡಿನಲ್ಲಿ ಕ್ಲಾಸ್.ಫಾರ್‌ನೇಮ್ ಎಂದು ಬರೆದು, ಹೆಸರು ಹಿಡಿದು ಕರೆದು ಡ್ರೈವರನ್ನು ಬಲವಂತವಾಗಿ ಎಬ್ಬಿಸಬಹುದು, ಆದರೆ ಲಾಗ್ ಮೂಕವಾಗಿಯೇ ಉಳಿಯುತ್ತದೆ. ಆದ್ದರಿಂದ ಆ ದಾರಿ ನನಗೆ ಒಪ್ಪಿಗೆಯಿಲ್ಲ. ಈಗ ಮಾಡ್ಯೂಲ್-ಇನ್ಫೋ ಹೆಸರಿನ ಫೈಲುಗಳನ್ನು ಮಾತ್ರ ಡಿಸ್ಕಾರ್ಡ್ ಮಾಡಿ, ಉಳಿದದ್ದನ್ನೆಲ್ಲ ಪ್ಲಗಿನ್ನಿನ ಮೂಲ ನಿಯಮಕ್ಕೇ ಒಪ್ಪಿಸಿದ್ದೇನೆ. ಆ ನಿಯಮ ಬಹಳ ವಿವೇಚನೆಯಿಂದ ಕೂಡಿದೆ: ಸರ್ವಿಸಸ್ ಫೈಲುಗಳ ಸಾಲುಗಳನ್ನು ಪುನರಾವರ್ತನೆಯಿಲ್ಲದೆ ಒಟ್ಟುಗೂಡಿಸುತ್ತದೆ, ಸೆಟ್ಟಿಂಗುಗಳಿರುವ ರೆಫರೆನ್ಸ್.ಕಾನ್ಫ್ ಫೈಲುಗಳನ್ನು ಒಂದರ ಹಿಂದೊಂದು ಜೋಡಿಸುತ್ತದೆ, ಹಳೆಯ ಸಹಿಯ ಎಸ್‌ಎಫ್ ಫೈಲುಗಳನ್ನು ತೆಗೆದುಹಾಕುತ್ತದೆ.

ಇದೇ ಅಚ್ಚಿನಲ್ಲಿ ಮುಂದೆ ಯಕ್ಷಗಾನ ಮೇಳಗಳ ತಿರುಗಾಟದ ಪಟ್ಟಿಯನ್ನು ಮಾಡುವ ಆಸೆಯಿದೆ. ದಿನಾಂಕ ಮತ್ತು ಊರು ಕೊಟ್ಟರೆ ಆ ರಾತ್ರಿ ಹತ್ತಿರದಲ್ಲಿ ಎಲ್ಲಿ ಬಯಲಾಟವಿದೆ ಎಂದು ಅದು ಹೇಳಬೇಕು. ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿದ ಮೇಳಗಳು ಮತ್ತೆ ಹೊರಡುವುದರೊಳಗೆ ಅದನ್ನು ಮುಗಿಸಬೇಕು.

ಅದಕ್ಕೂ ಮೊದಲು ಮಾಪಕದ ಬಕೆಟ್ (ನೀರು ತುಂಬಿದಾಗಲೆಲ್ಲ ವಾಲಿ ಒಂದು ಎಣಿಕೆ ಕೊಡುವ ಪುಟ್ಟ ಬಟ್ಟಲು) ಸರಿಯಾಗಬೇಕು. ಒಂದು ವಾಲಿಕೆಗೆ 0.2 ಮಿಲಿಮೀಟರ್ ಎಂದು ಹೇಳಿ ಮಾರಿದವರು ಕಳುಹಿಸಿದ ಪೆಟ್ಟಿಗೆಯ ಮೇಲೆ 0.2794 ಎಂದಿದೆ, ಕೇಳಿದರೆ ಉತ್ತರವಿಲ್ಲ. ಎರಡನೆಯದು ನಿಜವಾದರೆ ಇದುವರೆಗಿನ ಲೆಕ್ಕ ಶೇಕಡಾ 28ರಷ್ಟು ಕಡಿಮೆ ಬಂದಿದೆ. ಭಾನುವಾರ ಸಿರಿಂಜಿನಿಂದ ಅಳೆದ ನೀರನ್ನು ನಿಧಾನವಾಗಿ ಬಿಟ್ಟು, ವಾಲಿಕೆಗಳನ್ನು ಎಣಿಸಿ ತೀರ್ಮಾನಿಸುತ್ತೇನೆ.