ಆ ಕಲ್ಲು ಬೀಳ್ತದಾ ಮಾಷ್ಟ್ರೇ?

ಬದಿಯಡ್ಕ ಪೇಟೆಯಲ್ಲಿ ಚಾ ಬರುವ ಮೊದಲೇ ಈ ಪ್ರಶ್ನೆ ಬರುತ್ತದೆ. ವಿಜ್ಞಾನ ಕಲಿಸಿದ್ದೇನೆ, ಅಂಗಳದಲ್ಲಿ ಒಂದು ಸಣ್ಣ ಟೆಲಿಸ್ಕೋಪ್ ಇದೆ. ಅಷ್ಟು ತಪ್ಪಿಗೆ ಆಕಾಶದ ಲೆಕ್ಕವೆಲ್ಲ ನನ್ನ ತಲೆಗೆ.

ಅವರು ಕೇಳುವುದು 2024 ವೈಆರ್4 ಎಂಬ ಕ್ಷುದ್ರಗ್ರಹದ ಬಗ್ಗೆ. 2024ರ ಡಿಸೆಂಬರ್ 27ರಂದು ಚಿಲಿಯ ಅಟ್ಲಾಸ್ ಟೆಲಿಸ್ಕೋಪಿಗೆ ಸಿಕ್ಕಿದ್ದು. ಸುಮಾರು 60 ಮೀಟರ್ ಗಾತ್ರ. 2032ರ ಡಿಸೆಂಬರ್ 22ಕ್ಕೆ ಭೂಮಿಗೆ ಬಡಿಯಬಹುದು ಅಂದರು. ಬೀಳಬಹುದಾದ ಜಾಗಗಳಲ್ಲಿ ಅರಬ್ಬಿ ಸಮುದ್ರವೂ ಇತ್ತು. ಕುಂಬಳೆಯ ಕಡಲು ಇಲ್ಲೇ ಅಲ್ವಾ, ಕೇಳದೆ ಇರುತ್ತಾರೆಯೇ?

2025ರ ಫೆಬ್ರವರಿ 18ಕ್ಕೆ ನಾಸಾ ಲೆಕ್ಕದಲ್ಲಿ ಬಡಿಯುವ ಸಾಧ್ಯತೆ ಶೇ. 3.1ಕ್ಕೆ ಏರಿತು. ವಾರದೊಳಗೆ ಸೊನ್ನೆಯ ಹತ್ತಿರ ಇಳಿಯಿತು. "ಇವರಿಗೇ ಗೊತ್ತಿಲ್ಲ ಮಾಷ್ಟ್ರೇ" ಎಂದು ನಕ್ಕರು. ನಾನು ನಗಲಿಲ್ಲ. ಲೆಕ್ಕ ಸರಿಯಾಗಿ ನಡೆದರೆ ಹಾಗೇ ಆಗುವುದು.

ಮೊನ್ನೆ ಹುಲ್ಲು ಕೊಯ್ದು ಬಂದ ಮೇಲೆ ಕತ್ತಿ ಕಾಣಲಿಲ್ಲ. ಕೆರೆಗೆ ಬಿತ್ತೋ ಏನೋ ಎಂದಳು ಹೆಂಡತಿ. ಇಡೀ ತೋಟದಲ್ಲಿ ಕೆರೆ ಎಷ್ಟು ಜಾಗ? ಹೆದರಿಕೆ ಆಗಲಿಲ್ಲ. ತೋಡಿನಾಚೆ ಹೋಗಿರಲಿಲ್ಲ ಎಂದು ನೆನಪಾಯಿತು. ಅರ್ಧ ತೋಟ ಬಿಟ್ಟುಹೋಯಿತು, ಕೆರೆ ಉಳಿಯಿತು. ಈಗ ಸಂಶಯ ಜಾಸ್ತಿ. ಮೇಲಿನ ಅಡಿಕೆ ಸಾಲುಗಳನ್ನು ಹುಡುಕಿದೆ, ಇಲ್ಲ. ಉಳಿದದ್ದು ಕೆರೆ ಮತ್ತು ಅದರ ಸುತ್ತ ನಾಲ್ಕು ಮರ. ಹೋಯಿತು ಕತ್ತಿ ಅಂದುಕೊಂಡೆ. ಹಲಸಿನ ಬುಡದಲ್ಲಿ ಸಿಕ್ಕಿತು. ಅಷ್ಟು ಹೊತ್ತೂ ಅದು ಅಲ್ಲೇ ಇತ್ತು.

ಕ್ಷುದ್ರಗ್ರಹಕ್ಕೂ ಇಷ್ಟೇ. ಕೆಲವು ರಾತ್ರಿ ಕಂಡ ಒಂದು ಚುಕ್ಕೆಯಿಂದ ಎಂಟು ವರ್ಷ ಮುಂದಿನ ದಾರಿ ಹೇಳಬೇಕು. ಮೊದಲಿಗೆ ಅದು ಇರಬಹುದಾದ ಜಾಗ ಲಕ್ಷಗಟ್ಟಲೆ ಕಿಲೋಮೀಟರ್ ಉದ್ದ. ನೋಡಿದಷ್ಟೂ ಅದು ಕುಗ್ಗುತ್ತದೆ. ಭೂಮಿ ಅದರೊಳಗೆ ಇರುವವರೆಗೆ ಶೇಕಡಾ ಏರುತ್ತದೆ, ಹೊರಗೆ ಬಿತ್ತೋ, ಮುಗಿಯಿತು.

"ಅಪಾಯಕಾರಿ" ಎಂಬ ಶೀರ್ಷಿಕೆಗೂ ಸುಮ್ನೆ ಹೆದರಬೇಡಿ. ಸುಮಾರು 140 ಮೀಟರಿಗಿಂತ ದೊಡ್ಡದಾಗಿ, ಅದರ ದಾರಿ ಭೂಮಿಯ ದಾರಿಗೆ 75 ಲಕ್ಷ ಕಿಲೋಮೀಟರಿನೊಳಗೆ ಬಂದರೆ ಆ ಹೆಸರು. ಚಂದ್ರನ ದೂರದ ಸುಮಾರು ಇಪ್ಪತ್ತು ಪಟ್ಟು ಅದು!

ಈಗ ಅಪೋಫಿಸ್ ಎಂಬ ಇನ್ನೊಂದು ಕ್ಷುದ್ರಗ್ರಹದ ಸರದಿ. ನಮ್ಮ ಗಡಿಯಾರದಲ್ಲಿ 2029ರ ಏಪ್ರಿಲ್ 14ರ ನಸುಕಿಗೆ ನೆಲದಿಂದ ಸುಮಾರು 32,000 ಕಿಲೋಮೀಟರ್ ದೂರದಲ್ಲಿ ಹೋಗುತ್ತದೆ. ಟಿವಿ ಉಪಗ್ರಹಗಳು ಇರುವುದು ಸುಮಾರು 36,000ದಲ್ಲಿ. ಬಡಿಯುವುದಿಲ್ಲ, ಇನ್ನು ನೂರು ವರ್ಷಕ್ಕೂ ಇಲ್ಲ ಎಂದು 2021ರಲ್ಲೇ ರೇಡಾರ್ ನೋಡಿ ಹೇಳಿದ್ದಾರೆ.

ಇದನ್ನು ಹೇಳಿದಾಗ ಚಾದಂಗಡಿಯವನು ಮಾಡಿನ ಕಡೆ ನೋಡಿದ. "ಹಾಗಾದ್ರೆ ನಮ್ಮ ಡಿಶ್‌ಗೆ ಏನಾದ್ರೂ ಆಗ್ತದಾ ಮಾಷ್ಟ್ರೇ?"