ಈ ತಕ್ಕಡಿಯನ್ನು ತೂಗಿ ನೋಡಿದವರು ಯಾರು?

ಕಳೆದ ಭಾನುವಾರ ಶೂಟಿಂಗ್ ಸ್ಪರ್ಧೆಯ ಉಪಕರಣ ತಪಾಸಣೆಯ ಮೇಜಿನಲ್ಲಿ ಕುಳಿತಿದ್ದಾಗ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಈ ವಾರವಿಡೀ ನನ್ನ ಬೆನ್ನು ಬಿಟ್ಟಿಲ್ಲ. ಅವಳ ಏರ್ ರೈಫಲ್ ನಮ್ಮ ತಕ್ಕಡಿಯಲ್ಲಿ 5.508 ಕಿಲೋ ತೂಗಿತು. 10 ಮೀಟರ್ ಸ್ಪರ್ಧೆಯ ಮಿತಿ 5.5 ಕಿಲೋ. ಎಂಟು ಗ್ರಾಂ ಹೆಚ್ಚಿದೆಯಮ್ಮ ಎಂದೆ. ಮನೆಯಲ್ಲಿ 5.497 ಇತ್ತು ಸರ್ ಎಂದಳು. ಸಿಲಿಂಡರಿನಲ್ಲಿ ಗಾಳಿ ಕಡಿಮೆಯಿದ್ದಾಗ ತೂಗಿರಬಹುದು ಎಂದು ನಾನು ತಿಳಿದವನಂತೆ ಹೇಳಿದೆ, ಏಕೆಂದರೆ 150 ಮಿಲಿಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿ ತುಂಬಿದ ಗಾಳಿಯೇ ಮೂವತ್ತೈದು ಗ್ರಾಂ ಸುಮಾರು ತೂಗುತ್ತದೆ. "ತುಂಬಿಸಿಯೇ ತೂಗಿದ್ದೆ, ಸರ್. ಈ ತಕ್ಕಡಿಯನ್ನು ತೂಗಿ ನೋಡಿದವರು ಯಾರು?"

ಆ ದನಿಯಲ್ಲಿ ಉದ್ಧಟತನ ಇರಲಿಲ್ಲ. ನಾನು ರೈಫಲನ್ನು ಎತ್ತಿ, ಪರದೆಯ ಕಡೆ ಬೆರಳು ತೋರಿಸಿ, "ನೋಡು, ಸರಿಯಾಗಿ ಸೊನ್ನೆಗೆ ಬಂದಿದೆಯಲ್ಲ" ಎಂದೆ. ಪಕ್ಕದಲ್ಲಿದ್ದ ಹಿರಿಯ ತೀರ್ಪುಗಾರರು ನಕ್ಕರು. ನಿಯಮಗಳನ್ನು ಕಲಮಿನ ಸಂಖ್ಯೆಯ ಸಮೇತ ಬಾಯಿಪಾಠ ಒಪ್ಪಿಸಬಲ್ಲ ಅವರು ತಕ್ಕಡಿಯ ಕಾಲುಗಳತ್ತ ಎಂದೂ ಬಗ್ಗಿ ನೋಡಿದವರಲ್ಲ. ಅವಳ ತರಬೇತುದಾರರು ಶಿಷ್ಯೆಯ ಪರವಾಗಿ ಒಂದು ಮಾತೂ ಆಡದೆ ಗಡಿಯಾರ ನೋಡುತ್ತಿದ್ದರು, ಅದು ನನಗೆ ಇನ್ನೂ ಹಿಡಿಸಿಲ್ಲ. ಹುಡುಗಿ ಬ್ಯಾರೆಲಿನ ತುದಿಯಲ್ಲಿದ್ದ ಸಣ್ಣ ತೂಕವೊಂದನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡಳು. ರೈಫಲ್ ಪಾಸಾಯಿತು.

ಸೊನ್ನೆ ತೋರಿಸುವ ತಕ್ಕಡಿ ಖಾಲಿ ತಟ್ಟೆಯ ಬಗ್ಗೆ ಮಾತ್ರ ಸಾಕ್ಷಿ ಹೇಳುತ್ತದೆ, ಐದೂವರೆ ಕಿಲೋ ಹೊತ್ತಾಗ ಅದು ಏನು ಹೇಳುತ್ತದೆ ಎಂಬುದು ಬೇರೆಯೇ ವಿಷಯ ಎನ್ನುವುದು ನನಗೆ ತಿಳಿಯದ್ದೇನೂ ಅಲ್ಲ. ಪಿಸ್ತೂಲಿನ ಟ್ರಿಗರ್ ಪರೀಕ್ಷಿಸುವಾಗ ನಾವು ಸ್ಪ್ರಿಂಗ್ ಮಾಪಕವನ್ನು ನಂಬದೆ 500 ಗ್ರಾಂ ಬಟ್ಟನ್ನೇ ಟ್ರಿಗರಿಗೆ ಸಿಕ್ಕಿಸಿ ಎತ್ತಿ ನೋಡುತ್ತೇವೆ. ಅದೇ ಮೇಜಿನ ಮೇಲಿದ್ದ ಆ ಬಟ್ಟನ್ನು ಪಕ್ಕದ ತಕ್ಕಡಿಯ ಮೇಲೆ ಇಟ್ಟು ನೋಡಬೇಕೆಂದು ಅಲ್ಲಿ ಕುಳಿತ ಯಾರಿಗೂ ಹೊಳೆಯಲಿಲ್ಲ.

ಮಂಗಳವಾರ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಗೆಳೆಯನಿಂದ ಎಂ1 ದರ್ಜೆಯ ಬಟ್ಟುಗಳನ್ನು ಎರವಲು ತಂದೆ. ಆ ದರ್ಜೆಯಲ್ಲಿ 5 ಕಿಲೋ ಬಟ್ಟಿಗೆ ಒಪ್ಪಿತವಾದ ದೋಷ ಕಾಲು ಗ್ರಾಂ ಮಾತ್ರ. ತಕ್ಕಡಿಯನ್ನು ಅರ್ಧ ಗಂಟೆ ಚಾಲೂ ಇಟ್ಟು, ಫ್ಯಾನ್ ಆರಿಸಿ, 5 ಕಿಲೋ ಮತ್ತು 500 ಗ್ರಾಂ ಬಟ್ಟುಗಳನ್ನು ತಟ್ಟೆಯ ನಡುವೆ ಇಟ್ಟಾಗ 5.502 ಬಂತು. ತಕ್ಕಡಿ ಮಟ್ಟವಾಗಿದೆಯೇ ಎಂದು ತೋರಿಸುವ ಗುಳ್ಳೆ ವೃತ್ತದಿಂದ ಆಚೆ ಸರಿದಿತ್ತು, ಆದರೆ ಓರೆ ನಿಂತ ತಕ್ಕಡಿ ಕಡಿಮೆ ತೋರಿಸಬೇಕೇ ಹೊರತು ಹೆಚ್ಚಲ್ಲ. ಎರಡು ಡಿಗ್ರಿ ವಾಲಿದರೆ ಇಷ್ಟು ತೂಕಕ್ಕೆ ಮೂರು ಗ್ರಾಮಿನಷ್ಟು ಇಳಿಯುತ್ತದೆ. ಹಾಗಾಗಿ ಕಾಲಿನ ಮೇಲೆ ತಪ್ಪು ಹೊರಿಸಿ ಪಾರಾಗುವ ದಾರಿ ಮುಚ್ಚಿತು. ಬಟ್ಟುಗಳನ್ನು ಒಂದೊಂದೇ ಮೂಲೆಯತ್ತ ಸರಿಸುತ್ತ ಹೋದೆ. ಎಡ ಹಿಂಬದಿಯ ಮೂಲೆಯಲ್ಲಿ 5.509.

ಆಗ ನೆನಪಾಯಿತು, ನಾವು ರೈಫಲನ್ನು ಇಡುತ್ತಿದ್ದ ಬಗೆ. ಉದ್ದದ ಲೆಕ್ಕದಲ್ಲಿ ಅದರ ನಡುಭಾಗ ತಟ್ಟೆಯ ನಡುವೆ ಬರುವಂತೆ ಅಂದವಾಗಿ ಇಡುತ್ತಿದ್ದೆವು, ಆದರೆ ರೈಫಲಿನ ಭಾರ ಇರುವುದು ಉದ್ದದ ನಡುವಿನಲ್ಲಲ್ಲ, ಭುಜಕ್ಕೆ ಆನಿಸುವ ಹಿಂತುದಿಯ ಕಡೆಗೆ, ಅಂದರೆ ಅದೇ ಎಡಬದಿಗೆ. ಬೆರಳ ಮೇಲೆ ಸಮತೋಲವಾಗಿ ನಿಲ್ಲುವ ಬಿಂದುವನ್ನು ಹುಡುಕಿ, ಅದನ್ನು ತಟ್ಟೆಯ ನಡುವಿಗೆ ತರಬೇಕಿತ್ತು.

ಅವಳ ರೈಫಲ್ ನಿಜವಾಗಿ ಎಷ್ಟಿತ್ತೆಂದು ಇನ್ನು ಹೇಳಲಾಗದು, 5.499 ಇದ್ದಿರಬಹುದು, 5.506 ಕೂಡ ಇದ್ದಿರಬಹುದು. ಗೆಳೆಯ ನಕ್ಕು, ಭೂಮಧ್ಯರೇಖೆಯಲ್ಲಿ ಸರಿಹೊಂದಿಸಿದ ಇಂಥ ತಕ್ಕಡಿಯನ್ನು ಧ್ರುವಕ್ಕೆ ಒಯ್ದರೆ ಗುರುತ್ವದ ವ್ಯತ್ಯಾಸಕ್ಕೇ ನಿಮ್ಮ ರೈಫಲ್ ಇಪ್ಪತ್ತೊಂಬತ್ತು ಗ್ರಾಂ ಹೆಚ್ಚು ತೂಗುತ್ತದೆ, ಎಂಟು ಗ್ರಾಮಿಗೆ ಇಷ್ಟು ಕೊರಗೇ ಎಂದ. ಅವನು ಏರ್ ರೈಫಲ್ ಹಿಡಿದವನಲ್ಲ. ಗುರಿಯಲ್ಲಿ ಹತ್ತು ಅಂಕದ ವೃತ್ತ ಅರ್ಧ ಮಿಲಿಮೀಟರ್ ಅಗಲದ ಚುಕ್ಕೆ; ತಿಂಗಳುಗಟ್ಟಲೆ ಒಂದೇ ತೂಕಕ್ಕೆ ಒಗ್ಗಿದ ಎಡಗೈಗೆ ಬ್ಯಾರೆಲಿನ ತುದಿ ಹಗುರಾದದ್ದು ಮೊದಲ ಗುಂಡಿಗೇ ತಿಳಿಯುತ್ತದೆ.

ಫಲಿತಾಂಶದ ಪಟ್ಟಿ ಸೋಮವಾರವೇ ಬಂದಿದೆ. ಅವಳ ಸಾಲನ್ನು ನಾನಿನ್ನೂ ನೋಡಿಲ್ಲ.