ಲೆಕ್ಕ ಹಾಕದೇ ನಡೆಯುವವರನ್ನು ಲೆಕ್ಕಕ್ಕೆ ಹಿಡಿಯುವುದು ಹೇಗೆ?

ಜನ ಹೇಗೆ ನಿರ್ಧಾರ ಮಾಡುತ್ತಾರೆ ಅನ್ನುವುದಕ್ಕೆ ಗಣಿತದ ಮಾದರಿ ಕಟ್ಟುವುದು ನನ್ನ ಕೆಲಸ. ಅಷ್ಟು ಹೇಳಿದರೆ ಸಾಕು, ಮುಂದಿನ ಪ್ರಶ್ನೆ ಬಂದೇ ಬರುತ್ತದೆ: "ಜನ ಲೆಕ್ಕ ಹಾಕಿ ನಡೆಯೋದೇ ಇಲ್ವಲ್ಲ, ಮತ್ತೆ ಹೇಗೆ?"

ಸರಿಯಾದ ಪ್ರಶ್ನೆಯೇ. ಹಳೆಯ ಅರ್ಥಶಾಸ್ತ್ರದ ಮನುಷ್ಯನಿಗೆ ಎಲ್ಲ ಆಯ್ಕೆಗಳೂ ಗೊತ್ತಿದ್ದವು, ತೂಗಿ ನೋಡಲು ಬೇಕಾದಷ್ಟು ಸಮಯವೂ ಇತ್ತು. ಅಂಥವರನ್ನು ನಾನಂತೂ ನೋಡಿಲ್ಲ. 1955ರಲ್ಲಿ ಅಮೆರಿಕದ ಸಮಾಜವಿಜ್ಞಾನಿ ಹರ್ಬರ್ಟ್ ಸೈಮನ್ ಬೇರೆ ಕಡೆಯಿಂದ ಹೊರಟರು. ಸಮಯ, ಮಾಹಿತಿ, ನೆನಪು ಮೂರೂ ಕಮ್ಮಿ ಇರುವವನು ಏನು ಮಾಡುತ್ತಾನೆ? 'ಇಷ್ಟಿದ್ದರೆ ಸಾಕು' ಅಂತ ಒಂದು ಗೆರೆ ಹಾಕಿಕೊಳ್ಳುತ್ತಾನೆ. ಆ ಗೆರೆ ದಾಟಿದ ಮೊದಲನೆಯದನ್ನು ಒಪ್ಪಿಕೊಂಡು ಹುಡುಕಾಟ ನಿಲ್ಲಿಸುತ್ತಾನೆ. ಬಾಡಿಗೆ ಮನೆ ಹುಡುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನಗೆ ಜಾಸ್ತಿ ಇಷ್ಟವಾದದ್ದು 1978ರಲ್ಲಿ ಮನಶ್ಶಾಸ್ತ್ರಜ್ಞ ರೋಜರ್ ರ್ಯಾಟ್‌ಕ್ಲಿಫ್ ಕೊಟ್ಟ ಮಾದರಿ. ಪರದೆಯ ಮೇಲೆ ಚುಕ್ಕೆಗಳು ಓಡುತ್ತಿವೆ ಅಂದುಕೊಳ್ಳಿ. ಹೆಚ್ಚಿನವು ಎಡಕ್ಕೆ ಹೋಗುತ್ತಿವೆಯೋ ಬಲಕ್ಕೋ ಹೇಳಬೇಕು. ತಲೆಯಲ್ಲಿ ಪುರಾವೆ ಸ್ವಲ್ಪ ಸ್ವಲ್ಪವೇ ಸೇರುತ್ತದೆ, ಆ ಕಡೆ ಈ ಕಡೆ ತೂಗಾಡುತ್ತದೆ. ಎಡಕ್ಕೊಂದು, ಬಲಕ್ಕೊಂದು 'ಇಷ್ಟು ಪುರಾವೆ ಸಾಕು' ಅನ್ನುವ ಗೆರೆ ಇರುತ್ತದೆ. ಎರಡರಲ್ಲಿ ಒಂದನ್ನು ಮುಟ್ಟಿದ ಕ್ಷಣ ಉತ್ತರ ಹೊರಬೀಳುತ್ತದೆ. ಅವಸರ ಮಾಡಿಸಿದರೆ ಗೆರೆಗಳು ಹತ್ತಿರ ಬರುತ್ತವೆ. ಉತ್ತರ ಬೇಗ ಬರುತ್ತದೆ, ತಪ್ಪೂ ಹೆಚ್ಚುತ್ತದೆ.

ಇದರಿಂದ ಏನು ಲಾಭ? ಇಬ್ಬರು ನೂರಕ್ಕೆ 20 ಸಲ ತಪ್ಪುತ್ತಾರೆ ಅನ್ನಿ. ತಪ್ಪನ್ನಷ್ಟೇ ಎಣಿಸಿದರೆ ಇಬ್ಬರೂ ಒಂದೇ. ತೆಗೆದುಕೊಂಡ ಸಮಯವನ್ನೂ ಸೇರಿಸಿ ನೋಡಿದರೆ ಒಬ್ಬನ ಗೆರೆ ತೀರಾ ಹತ್ತಿರ, ಇನ್ನೊಬ್ಬನಿಗೆ ಸಿಗುವ ಪುರಾವೆಯೇ ಮಸುಕು ಅಂತ ಗೊತ್ತಾಗಬಹುದು. ಮೊದಲನೆಯವನಿಗೆ "ನಿಧಾನ ಮಾಡು" ಅಂದರೆ ಸಾಕು. ಎರಡನೆಯವನಿಗೆ ಹಾಗೆ ಹೇಳಿದರೆ ಅಷ್ಟೇನೂ ಪ್ರಯೋಜನವಿಲ್ಲ. ಜನರನ್ನು ಸುಮ್ನೆ ದಡ್ಡರು ಅಂದುಬಿಡುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ.

"ಹಾಗಾದ್ರೆ ನಾಳೆ ನಾನೇನು ಮಾಡ್ತೀನಿ ಹೇಳಿ" ಅನ್ನುವವರೂ ಇದ್ದಾರೆ. ಆಗುವುದಿಲ್ಲ. ಒಂದೇ ಥರದ ಕೆಲಸವನ್ನು ನೂರಾರು ಸಲ ಮಾಡಿದರೆ ಒಟ್ಟಾರೆ ಹೇಗಿರುತ್ತದೆ ಅಂತ ಹೇಳಬಹುದು, ಅಷ್ಟೇ.

ಪ್ರಯೋಗಾಲಯದ ಹೊರಗೆ ಇನ್ನೊಂದು ತೊಡಕು. ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ 1980ರ ದಶಕದಲ್ಲಿ ಅಮೆರಿಕದ ಅಗ್ನಿಶಾಮಕ ದಳದ ಮುಖ್ಯಸ್ಥರನ್ನು ಮಾತಾಡಿಸಿದರು. ಹೆಚ್ಚಿನ ಸಲ ಅವರು ಎರಡು ಉಪಾಯಗಳನ್ನು ಹೋಲಿಸಿಯೇ ಇರಲಿಲ್ಲ. ಮೊದಲು ಹೊಳೆದದ್ದನ್ನು ಮನಸ್ಸಿನಲ್ಲೇ ಓಡಿಸಿ ನೋಡಿ, ಪರವಾಗಿಲ್ಲ ಅನಿಸಿದರೆ ನುಗ್ಗಿದ್ದರು. ಅಲ್ಲಿ ಎಡ-ಬಲದ ಗೆರೆ ಹೊಂದುವುದಿಲ್ಲ. ಸೈಮನ್ ಅವರ ಒಂದೇ ಗೆರೆ ಹೊಂದುತ್ತದೆ. ಆದರೆ ಆ ಮೊದಲ ಉಪಾಯ ಹೊಳೆದದ್ದಾದರೂ ಹೇಗೆ? ಅನುಭವದಿಂದ, ಅನ್ನುತ್ತಾರೆ ಕ್ಲೈನ್. ಆ ಅನುಭವವನ್ನು ಸಮೀಕರಣಕ್ಕೆ ಇಳಿಸುವುದೇ ಸದ್ಯ ನನ್ನ ತಲೆನೋವು.